ಕುಸಿತಕ್ಕೆ ಮುನ್ನ ಕೊರೆಯುವ ಗೆದ್ದಲು: ಬೆಳಗಾವಿ ಕೋಟೆಯಿಂದ ಬೀದರಿನ ಮದ್ರಸಾದವರೆಗೆ

ಅನಗೋಳದ ಹಳೆಯ ಓಣಿಗಳಲ್ಲಿ ಮಳೆಗಾಲವೆಂದರೆ ಮಣ್ಣಿನ ಗೋಡೆಗಳಿಗೆ ಪರೀಕ್ಷೆಯ ಕಾಲ. ಮಳೆ ಜೋರಾಗಿ ಸುರಿಯುವಾಗ ಜನರು ಗೋಡೆಯ ಕಡೆಗೆ ನೋಡುತ್ತಾರೆ, ಮಳೆ ನಿಂತು ಬಿಸಿಲು ಬಂದೊಡನೆ ಅದನ್ನು ಮರೆತುಬಿಡುತ್ತಾರೆ. ಆದರೆ ಗೋಡೆ ಬೀಳುವುದು ಅನೇಕ ಬಾರಿ ಮಳೆಯ ಆರ್ಭಟದ ದಿನವಲ್ಲ. 2021ರ ಅಕ್ಟೋಬರ್ ತಿಂಗಳಲ್ಲಿ, ಮುಂಗಾರು ಮುಗಿದೇ ಹೋಯಿತೆಂದು ಎಲ್ಲರೂ ತಿಳಿದಿದ್ದ ಹೊತ್ತಿನಲ್ಲಿ, ನಮ್ಮ ಬೆಳಗಾವಿ ತಾಲ್ಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದಿದ್ದ ಮನೆಯ ಗೋಡೆ ಕುಸಿದು ಏಳು ಜನ ಪ್ರಾಣ ಕಳೆದುಕೊಂಡರು. ಬಿದ್ದದ್ದು ಒಂದು ಕ್ಷಣದಲ್ಲಿ. ಆದರೆ ನೀರು ಗೋಡೆಯೊಳಗೆ ಇಳಿಯುತ್ತಿದ್ದದ್ದು ಎಷ್ಟು ದಿನಗಳಿಂದ?

ಈ ಪ್ರಶ್ನೆಯೇ ಇಂದಿನ ಲೇಖನದ ಮೂಲ. ಕನ್ನಡದಲ್ಲಿ ‘ಕುಸಿತ’ ಎಂಬ ಒಂದೇ ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ! ಗೋಡೆ ಕುಸಿಯುತ್ತದೆ, ಗುಡ್ಡ ಕುಸಿಯುತ್ತದೆ, ಬೆಲೆ ಕುಸಿಯುತ್ತದೆ, ಕೆಟ್ಟ ಸುದ್ದಿ ಕೇಳಿದ ತಾಯಿ ನಿಂತಲ್ಲೇ ಕುಸಿಯುತ್ತಾಳೆ, ರಾಜ್ಯ ಕುಸಿಯುತ್ತದೆ, ನಂಬಿಕೆ ಕುಸಿಯುತ್ತದೆ. ಭಾಷೆ ಇವೆಲ್ಲವನ್ನೂ ಒಂದೇ ಪದದಲ್ಲಿ ಕಟ್ಟಿರುವುದು ಸುಮ್ಮನೆ ಅಲ್ಲ. ಇವೆಲ್ಲದರ ಒಳಗೆ ಒಂದೇ ನಿಯಮ ಕೆಲಸ ಮಾಡುತ್ತಿದೆ ಎಂಬುದನ್ನು ನಮ್ಮದೇ ನಾಡಿನ ಇತಿಹಾಸದ ಮೂಲಕ ತಿಳಿಯಲು ಯತ್ನಿಸೋಣ.

ಗೋಡೆ ಮತ್ತು ನಕ್ಷತ್ರ

ಒಣಗಿದ ಮಣ್ಣಿನ ಗೋಡೆಯನ್ನು ಹಿಡಿದಿಟ್ಟಿರುವುದು ಅದರ ಕಣಗಳ ನಡುವಿನ ಬಿಗಿತ. ನೀರು ಒಳಹೊಕ್ಕಂತೆ ಎರಡು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಕಣಗಳ ಬಿಗಿತ ಸಡಿಲವಾಗುತ್ತದೆ, ಗೋಡೆಯ ತೂಕ ಹೆಚ್ಚುತ್ತದೆ. ಹೊರುವ ಶಕ್ತಿ ಕಡಿಮೆಯಾಗುತ್ತಾ ಹೊರೆ ಹೆಚ್ಚುತ್ತಾ ಹೋದಾಗ ಎರಡೂ ಸಮನಾಗುವ ಒಂದು ಗಳಿಗೆ ಬರುತ್ತದೆ. ಅದನ್ನು ದಾಟಿದ ಮೇಲೆ ಗೋಡೆಗೆ ನಿಲ್ಲಲು ಕಾರಣವೇ ಉಳಿಯುವುದಿಲ್ಲ. ಹೊರಗಿನ ಗಿಲಾವು ಮಾತ್ರ ಕೊನೆಯ ತನಕ ಸುಂದರವಾಗಿಯೇ ಕಾಣುತ್ತಿರುತ್ತದೆ.

ಆಕಾಶದ ನಕ್ಷತ್ರಗಳ ವಿಷಯವೂ ಇದಕ್ಕಿಂತ ಬಹಳ ಬೇರೆಯಲ್ಲ. ನಕ್ಷತ್ರದ ಭಾರ ಅದನ್ನು ಒಳಕ್ಕೆ ಎಳೆಯುತ್ತಲೇ ಇರುತ್ತದೆ, ಒಳಗಿನ ಉರಿಯ ಒತ್ತಡ ಅದನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ಇಂಧನ ಮುಗಿದಾಗ ಏನಾಗುತ್ತದೆ? 1930ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಹತ್ತೊಂಬತ್ತರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಈ ಲೆಕ್ಕವನ್ನು ಕೈಗೆತ್ತಿಕೊಂಡರು. ಉರಿದು ಮುಗಿದ ನಕ್ಷತ್ರದ ತಿರುಳು ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ಭಾರವಾಗಿದ್ದರೆ ಅದು ಬಿಳಿ ಕುಬ್ಜ ನಕ್ಷತ್ರವಾಗಿ ನೆಮ್ಮದಿಯಿಂದ ಉಳಿಯಲಾರದು, ಕುಸಿಯಲೇಬೇಕು. 1983ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಓಣಿಯ ಗೋಡೆಗೂ ಆಕಾಶದ ನಕ್ಷತ್ರಕ್ಕೂ ಅನ್ವಯಿಸುವ ಮಾತು ಇಷ್ಟೆ: ಎಳೆಯುವ ಭಾರ ಯಾವಾಗಲೂ ಇದ್ದೇ ಇರುತ್ತದೆ. ಅದನ್ನು ತಡೆದು ನಿಲ್ಲಿಸುವ ಒಳಗಿನ ಬಲ ಇರುವವರೆಗೆ ಮಾತ್ರ ನಿಲುವು.

ಸಮಾಜವನ್ನು ನಿಲ್ಲಿಸುವ ಒಳಗಿನ ಬಲ ಯಾವುದು?

ಇಬ್ನ್ ಖಲ್ದೂನ್ ನೀಡಿದ ಉತ್ತರ

ಕ್ರಿ.ಶ. 1332ರಲ್ಲಿ ತುನಿಸ್ ನಗರದಲ್ಲಿ ಜನಿಸಿದ ಅಲ್ಲಾಮಾ ಇಬ್ನ್ ಖಲ್ದೂನ್ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿದ ಮೊದಲಿಗರಲ್ಲಿ ಪ್ರಮುಖರು. ಅವರು ಎಳೆಯ ವಯಸ್ಸಿನಲ್ಲೇ ಮಹಾ ಪ್ಲೇಗಿಗೆ ತಂದೆತಾಯಿಯನ್ನು ಕಳೆದುಕೊಂಡವರು. ಉತ್ತರ ಆಫ್ರಿಕಾದ ಆಸ್ಥಾನಗಳಲ್ಲಿ ಅಧಿಕಾರವನ್ನೂ ಸೆರೆವಾಸವನ್ನೂ ಕಂಡವರು. 1377ರಲ್ಲಿ, ಇಂದಿನ ಅಲ್ಜೀರಿಯಾದ ಒಂದು ಏಕಾಂತ ಕೋಟೆಯಲ್ಲಿ ಕುಳಿತು ‘ಮುಖದ್ದಿಮಾ’ವನ್ನು ರಚಿಸಿದರು.

ಅವರು ಆ ಬಲಕ್ಕೆ ‘ಅಸಬಿಯ್ಯ’ ಎಂದರು. ಕಷ್ಟದಲ್ಲಿ ಒಬ್ಬರಿಗೊಬ್ಬರು ಹೆಗಲು ಕೊಡುವ, ನನ್ನದು ನಿನ್ನದೆಂಬ ಭೇದವನ್ನು ಬದಿಗಿಡುವ ಬಂಧ ಅದು. ರಾಜ್ಯ ಕಟ್ಟುವ ಮೊದಲ ತಲೆಮಾರಿನಲ್ಲಿ ಈ ಬಂಧ ಗಟ್ಟಿಯಾಗಿರುತ್ತದೆ. ಎರಡನೆಯ ತಲೆಮಾರು ಸುಖಕ್ಕೆ ಒಗ್ಗಿಕೊಳ್ಳುತ್ತದೆ, ಆದರೂ ಹಿರಿಯರ ನೆನಪು ಅದಕ್ಕಿರುತ್ತದೆ. ಮೂರನೆಯ ತಲೆಮಾರಿಗೆ ಆ ನೆನಪೂ ಇರುವುದಿಲ್ಲ. ಆದುದರಿಂದ ರಾಜವಂಶವೊಂದರ ಸಹಜ ಆಯುಸ್ಸು ಸುಮಾರು ಮೂರು ತಲೆಮಾರು, ಅಂದರೆ ನೂರಿಪ್ಪತ್ತು ವರ್ಷ ಎಂದು ಅವರು ಅಂದಾಜಿಸಿದರು. ಅನ್ಯಾಯವು ನಾಗರಿಕತೆಯನ್ನು ಹೇಗೆ ಪಾಳುಗೆಡವುತ್ತದೆ ಎಂಬುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ದುಡಿದದ್ದು ತನ್ನ ಕೈಯಲ್ಲಿ ಉಳಿಯದು ಎಂದು ಜನರಿಗೆ ಅನ್ನಿಸಿದ ದಿನವೇ ದುಡಿಮೆ ನಿಲ್ಲುತ್ತದೆ, ದುಡಿಮೆ ನಿಂತಲ್ಲಿ ಊರು ಬರಿದಾಗುತ್ತದೆ ಎಂಬುದು ಅವರ ವಾದ.

ಇಬ್ನ್ ಖಲ್ದೂನರಿಗೆ ಹದಿನೈದು ವರ್ಷವಾಗಿದ್ದಾಗ, 1347ರಲ್ಲಿ, ಅಲಾವುದ್ದೀನ್ ಹಸನ್ ಬಹಮನ್ ಷಾ ನಮ್ಮ ಕಲಬುರಗಿ ರಾಜಧಾನಿಯಾಗಲಿದ್ದ ಒಂದು ರಾಜ್ಯವನ್ನು ಸ್ಥಾಪಿಸಿದನು. ಅದರ ಕಥೆಯನ್ನು ಅವರು ಬರೆಯಲಿಲ್ಲ. ಆದರೆ ಅವರ ಮಾತಿಗೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷಿ ಹುಡುಕುವುದು ಕಷ್ಟ. ಆ ಕಥೆಯ ಒಂದು ಮುಖ್ಯ ಪುಟ ತೆರೆದುಕೊಳ್ಳುವುದು ನಮ್ಮ ಬೆಳಗಾವಿಯಲ್ಲೇ.

ಬೆಳಗಾವಿಯ ಗೋಡೆ ಬಿದ್ದ ದಿನ

ಅನಗೋಳದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಬೆಳಗಾವಿ ಕೋಟೆಯನ್ನು ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ನೋಡುತ್ತಾ ಬೆಳೆದಿದ್ದಾರೆ. ಆ ಕೋಟೆಯೇ ಒಂದು ಇತಿಹಾಸದ ಪುಸ್ತಕ. ಸವದತ್ತಿಯ ರಟ್ಟರು ಬೆಳಗಾವಿಯನ್ನು ರಾಜಧಾನಿ ಮಾಡಿಕೊಂಡಿದ್ದ ಕಾಲದ, 1204ರ ಕಮಲ ಬಸದಿ ಅಲ್ಲಿದೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಅಸದ್ ಖಾನ್ ಲಾರಿ ಕಟ್ಟಿಸಿದ ಸಫಾ ಮಸೀದಿ ಅಲ್ಲಿದೆ. ಆ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ರಟ್ಟರ ಮತ್ತು ಸೇವುಣರ ಕಾಲದ ಕನ್ನಡ ಶಾಸನಗಳಿವೆ. ರಟ್ಟರು ಹೋದರು, ಸೇವುಣರು ಬಂದು ಹೋದರು, ವಿಜಯನಗರ, ಬಹಮನಿ, ಬಿಜಾಪುರ, ಮರಾಠರು, 1818ರಲ್ಲಿ ಬ್ರಿಟಿಷರು ಹೀಗೆ ಒಬ್ಬರ ನಂತರ ಒಬ್ಬರು ಬಂದರು. ಶಾಶ್ವತವೆಂದು ತಿಳಿದವರೆಲ್ಲರ ಗುರುತು ಒಂದೇ ಗೋಡೆಯೊಳಗೆ ಸಿಗುತ್ತದೆ.

1472ರಲ್ಲಿ ಬಹಮನಿ ರಾಜ್ಯದ ವಜೀರ ಖ್ವಾಜಾ ಮಹಮೂದ್ ಗವಾನ್ ಗೋವೆಯನ್ನು ಗೆದ್ದನು. ಅದನ್ನು ಮರಳಿ ಪಡೆಯುವ ಪ್ರಯತ್ನದಲ್ಲಿ ಬೆಳಗಾವಿಯ ಅರಸನು ಕೈಜೋಡಿಸಿದಾಗ ಸುಲ್ತಾನ್ ಮೂರನೆಯ ಮುಹಮ್ಮದ್ ಷಾ ಸ್ವತಃ ಸೇನೆಯೊಂದಿಗೆ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದನು. ಆಳವಾದ ಕಂದಕವಿದ್ದ ಬಲಿಷ್ಠ ಕೋಟೆ ಇದು. ಗವಾನನ ಸೈನಿಕರು ಗೋಡೆಯ ಬುಡದವರೆಗೆ ಸುರಂಗ ತೋಡಿ, ಅದರಲ್ಲಿ ಮದ್ದು ತುಂಬಿ ಸಿಡಿಸಿದರು. ದಖ್ಖನಿನ ಮುತ್ತಿಗೆಗಳಲ್ಲಿ ಮದ್ದನ್ನು ಹೀಗೆ ಬಳಸಿದ ತೀರ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಗೋಡೆ ಕುಸಿಯಿತು, ಕೋಟೆ ಸುಲ್ತಾನನ ವಶವಾಯಿತು.

ಹೊರಗಿನಿಂದ ನೋಡಿದವರಿಗೆ ಬಹಮನಿ ರಾಜ್ಯದ ಪರಮೋಚ್ಚ ಕಾಲ ಅದು. ಗೋವೆ ಕೈಯಲ್ಲಿತ್ತು, ಬೆಳಗಾವಿ ಕೈಯಲ್ಲಿತ್ತು. ಅದೇ 1472ರಲ್ಲಿ ಬೀದರಿನಲ್ಲಿ ಗವಾನನ ಮದ್ರಸಾ ತಲೆಯೆತ್ತಿತು. ಮೂರು ಅಂತಸ್ತಿನ ಕಟ್ಟಡ, ಮುಂಭಾಗದಲ್ಲಿ ಎತ್ತರದ ಮಿನಾರುಗಳು, ಇರಾನಿನ ಮಾದರಿಯ ಬಣ್ಣದ ಹೆಂಚಿನ ಅಲಂಕಾರ, ವಿದ್ಯಾರ್ಥಿಗಳಿಗೆ ಕೋಣೆಗಳು, ಮಸೀದಿ, ಗ್ರಂಥಾಲಯ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ವಜೀರನಾದ ಮನುಷ್ಯನು ತನ್ನ ಗಳಿಕೆಯನ್ನು ಇಲ್ಮ್‌ಗಾಗಿ ಇಟ್ಟನು.

ಇನ್ನು ಹತ್ತು ವರ್ಷಗಳೊಳಗೆ ಈ ರಾಜ್ಯದ ಬೆನ್ನೆಲುಬು ಮುರಿಯಲಿದೆ ಎಂದು ಆ ದಿನ ಬೆಳಗಾವಿಯ ಬಿದ್ದ ಗೋಡೆಯ ಮೇಲೆ ನಿಂತ ಯಾವ ಸೈನಿಕನಿಗೂ ಅನ್ನಿಸಿರಲಾರದು.

ಒಂದು ಮುದ್ರೆ, ಒಂದು ಸುಳ್ಳು ಪತ್ರ

ಒಳಗೆ ನೀರು ಇಳಿಯುತ್ತಿತ್ತು. ಬಹಮನಿ ಸರದಾರರು ಎರಡು ಪಂಗಡಗಳಾಗಿದ್ದರು. ಇಲ್ಲಿಯೇ ನೆಲೆಸಿದವರು ‘ದಖ್ಖನಿ’ಗಳು, ಇರಾನ್, ತುರ್ಕಿ, ಅರಬ್ ನಾಡುಗಳಿಂದ ಬಂದವರು ‘ಆಫಾಕಿ’ಗಳು. ಹದಿನೈದನೆಯ ಶತಮಾನದ ನಡುವಿನಲ್ಲೇ ಚಾಕಣದಲ್ಲಿ ಈ ದ್ವೇಷ ದೊಡ್ಡ ರಕ್ತಪಾತಕ್ಕೆ ಎಡೆಮಾಡಿತ್ತು. ಒಂದೇ ಕಿಬ್ಲಾದ ಕಡೆಗೆ ಮುಖಮಾಡಿ ನಿಲ್ಲುವವರು ಸಫ್ ಮುಗಿದೊಡನೆ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತಿದ್ದರು. ಆ ದಿನಗಳಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಸರದಾರರು ವೈಭವದಲ್ಲಿ ಮುಳುಗಿದ್ದುದನ್ನೂ ಹಳ್ಳಿಗಾಡಿನ ಜನರು ಬಡತನದಲ್ಲಿದ್ದುದನ್ನೂ ಗಮನಿಸಿ ಬರೆದಿಟ್ಟಿದ್ದಾನೆ. ಇಬ್ನ್ ಖಲ್ದೂನರು ಹೇಳಿದ ಎರಡು ಲಕ್ಷಣಗಳೂ, ಅಂದರೆ ಸಡಿಲವಾದ ಬಂಧ ಮತ್ತು ಮೇಲಿನವರ ವಿಲಾಸ, ಅಲ್ಲಿದ್ದವು.

ಗವಾನನು ದುರಸ್ತಿಗೆ ಕೈಹಾಕಿದನು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿದನು. ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವನ್ನು ನೇರವಾಗಿ ಸುಲ್ತಾನನ ಅಧೀನಕ್ಕೆ ತಂದನು. ಭೂಮಿಯ ಅಳತೆ ಮಾಡಿಸಿ ಕಂದಾಯವನ್ನು ಕ್ರಮಗೊಳಿಸಿದನು. ತಾನು ಆಫಾಕಿಯಾಗಿದ್ದರೂ ಹುದ್ದೆಗಳನ್ನು ಎರಡೂ ಪಂಗಡಗಳಿಗೆ ಹಂಚಲು ಯತ್ನಿಸಿದನು. ಆದರೆ ಅಧಿಕಾರ ಮೊಟಕಾದ ಸರದಾರರಿಗೆ ಈ ದುರಸ್ತಿಯೇ ಅಪರಾಧವಾಗಿ ಕಂಡಿತು.

ಮುಂದಿನದನ್ನು ಫಿರಿಶ್ತಾ ಮೊದಲಾದ ಇತಿಹಾಸಕಾರರು ವಿವರವಾಗಿ ದಾಖಲಿಸಿದ್ದಾರೆ. ವೈರಿಗಳು ಗವಾನನ ಮುದ್ರೆಯನ್ನು ಇಟ್ಟುಕೊಳ್ಳುತ್ತಿದ್ದ ಸೇವಕನ ಸ್ನೇಹ ಬೆಳೆಸಿ, ಅವನು ಮದ್ಯದ ಅಮಲಿನಲ್ಲಿದ್ದಾಗ ಒಂದು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ, ಗವಾನನೇ ಒರಿಸ್ಸಾದ ಅರಸನನ್ನು ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುತ್ತಿರುವಂತೆ ಪತ್ರ ಬರೆದರು. ಪತ್ರ ಸುಲ್ತಾನನ ಕೈಸೇರಿತು. ಸುಲ್ತಾನನೂ ಅಂದು ಅಮಲಿನಲ್ಲೇ ಇದ್ದನು. ಹಿತೈಷಿಗಳು ಹೋಗಬೇಡವೆಂದು ತಡೆದರೂ, ತಪ್ಪು ಮಾಡದವನಿಗೆ ಭಯವೇಕೆಂದು ಗವಾನ್ ಆಸ್ಥಾನಕ್ಕೆ ಹೋದನು. ಮುದ್ರೆ ತನ್ನದೇ ಹೌದು, ಪತ್ರ ಮಾತ್ರ ತನ್ನದಲ್ಲ ಎಂದನು. ಸುಲ್ತಾನನು ವಿಚಾರಣೆ ನಡೆಸಲಿಲ್ಲ, ಬರೆದವನಾರೆಂದು ಕೇಳಲಿಲ್ಲ, ಮುದ್ರೆಯ ಸೇವಕನನ್ನು ಕರೆಸಲಿಲ್ಲ. 1481ರ ಏಪ್ರಿಲ್ 5ರಂದು, ಆಂಧ್ರದ ಕೊಂಡಪಲ್ಲಿಯಲ್ಲಿ, ಎಪ್ಪತ್ತರ ಆಸುಪಾಸಿನ ಆ ವೃದ್ಧನ ಶಿರಚ್ಛೇದನವಾಯಿತು.

ಬಳಿಕ ಅವನ ಖಜಾನೆಯನ್ನು ತೆರೆಸಿದಾಗ ಸಿಕ್ಕಿದ್ದು ಅತ್ಯಲ್ಪ. ತನ್ನ ಊಟ ಉಡುಗೆಗೆ ವ್ಯಾಪಾರದ ಲಾಭವನ್ನಷ್ಟೇ ಬಳಸಿ, ಉಳಿದುದನ್ನು ಬಡವರಿಗೂ ವಿದ್ವಾಂಸರಿಗೂ ಕೊಡುತ್ತಿದ್ದನೆಂಬುದು ಆಗ ಎಲ್ಲರಿಗೂ ತಿಳಿಯಿತು. ಸುಲ್ತಾನನು ಪಶ್ಚಾತ್ತಾಪದಿಂದ ಬೆಂದನು, ಒಂದು ವರ್ಷ ತುಂಬುವ ಮೊದಲೇ, 1482ರಲ್ಲಿ ತೀರಿಕೊಂಡನು. ಅಷ್ಟರಲ್ಲೇ ಪ್ರಮುಖ ಸರದಾರರು ಅವನ ಡೇರೆಯಿಂದ ದೂರದಲ್ಲಿ ಬೀಡುಬಿಟ್ಟು, ದೂರದಿಂದಲೇ ಸಲಾಮು ಹೇಳಿ ಹಿಂದಿರುಗತೊಡಗಿದ್ದರು. ಗವಾನನಂಥವನಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಭಯ ಅವರದು.

ನನ್ನ ಅಭಿಪ್ರಾಯದಲ್ಲಿ ಬಹಮನಿ ರಾಜ್ಯ ಕುಸಿದದ್ದು ಆ ದೂರದ ಸಲಾಮಿನಲ್ಲಿ. ಉಳಿದದ್ದು ತಾರೀಖುಗಳು ಮಾತ್ರ. ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ಸ್ವತಂತ್ರನಾದನು. 1490ರ ಹೊತ್ತಿಗೆ ಅಹ್ಮದ್‌ನಗರ ಮತ್ತು ಬೇರಾರ್ ಬೇರೆಯಾದವು, ಮುಂದೆ ಗೋಲ್ಕೊಂಡವೂ ಕೈತಪ್ಪಿತು, ಬೀದರಿನಲ್ಲೇ ಬರೀದರು ಅಧಿಕಾರ ಹಿಡಿದರು. 1347ರಿಂದ 1481ಕ್ಕೆ ಎಷ್ಟು ವರ್ಷ? ನೂರಮೂವತ್ತನಾಲ್ಕು. ಇಬ್ನ್ ಖಲ್ದೂನರ ಅಂದಾಜಿಗಿಂತ ಹದಿನಾಲ್ಕು ವರ್ಷ ಹೆಚ್ಚು.

ಒಬ್ಬ ವಜೀರನ ಹತ್ಯೆಯಿಂದಲೇ ರಾಜ್ಯ ಬಿದ್ದಿತೆಂದು ಹೇಳುವುದು ಸರಿಯಲ್ಲ. ಗಟ್ಟಿ ಗೋಡೆ ಒಂದು ಮಳೆಗೆ ಬೀಳುವುದಿಲ್ಲ. ಆದರೆ ನೆನೆದ ಗೋಡೆಗೆ ಕೊನೆಯ ಹನಿ ಎಂಬುದೊಂದು ಇರುತ್ತದೆ, ಆ ಸುಳ್ಳು ಪತ್ರ ಅಂಥ ಹನಿ.

ಗವಾನನ ಮದ್ರಸಾದ ಕಥೆಯೂ ಹೇಳಿ ಮುಗಿಸಬೇಕು. ಸುಮಾರು ಎರಡು ಶತಮಾನ ಅಲ್ಲಿ ಪಾಠ ನಡೆಯಿತು. ಔರಂಗಜೇಬನ ಕಾಲದಲ್ಲಿ ಆ ಕಟ್ಟಡ ಸೈನಿಕರ ವಸತಿಯಾಯಿತು, ಪುಸ್ತಕಗಳಿದ್ದಲ್ಲಿ ಮದ್ದು ಬಂದು ಕುಳಿತಿತು. ಹದಿನೇಳನೆಯ ಶತಮಾನದ ಕೊನೆಗೆ ಆ ಮದ್ದು ಸ್ಫೋಟಗೊಂಡು ಮುಂಭಾಗವೂ ಒಂದು ಮಿನಾರೂ ಕುಸಿದವು. ಇಂದು ಒಂದೇ ಮಿನಾರು ನಿಂತಿದೆ. ಬೆಳಗಾವಿಯ ಗೋಡೆಯನ್ನು ಕೆಡವಿದ ಅದೇ ವಸ್ತು, ಕೆಡವಿಸಿದವನ ಮದ್ರಸಾವನ್ನೂ ಕೆಡವಿತು.

ಸಬಅ್ ಅಧ್ಯಾಯದ ಎರಡು ದೃಶ್ಯಗಳು

ಪವಿತ್ರ ಕುರ್‌ಆನಿನ ಸಬಅ್ ಅಧ್ಯಾಯದಲ್ಲಿ ಎರಡು ಪ್ರಸಂಗಗಳು ಅಕ್ಕಪಕ್ಕದಲ್ಲೇ ಬರುತ್ತವೆ. ಒಂದು, ಪ್ರವಾದಿ ಸುಲೈಮಾನ್(ಅ)ರ ನಿಧನ. ಅವರು ಊರುಗೋಲಿಗೆ ಒರಗಿ ನಿಂತಂತೆಯೇ ಮರಣ ಹೊಂದಿದರು. ಜಿನ್ನ್‌ಗಳು ಅವರು ಜೀವಂತವಾಗಿದ್ದಾರೆಂದೇ ತಿಳಿದು ದುಡಿಯುತ್ತಿದ್ದವು. ಮಣ್ಣಿನ ಹುಳು ಊರುಗೋಲನ್ನು ತಿಂದು ಅವರ ದೇಹ ನೆಲಕ್ಕೆ ಬಿದ್ದಾಗಲೇ ಸತ್ಯ ತಿಳಿದದ್ದು. ಜಿನ್ನ್‌ಗಳಿಗೆ ಪರೋಕ್ಷದ ಜ್ಞಾನವಿಲ್ಲ ಎಂಬುದು ಅಲ್ಲಿನ ಮುಖ್ಯ ಪಾಠ. ನಿಂತಿರುವುದೆಲ್ಲ ಜೀವಂತವೆಂದು ಭ್ರಮಿಸಬಾರದೆಂಬುದು ನಾನು ಅದರಿಂದ ಪಡೆದ ಇನ್ನೊಂದು ಪಾಠ.

ಎರಡನೆಯದು ಸಬಅ್ ಜನಾಂಗದ ಕಥೆ. ಬಲಕ್ಕೂ ಎಡಕ್ಕೂ ತೋಟಗಳಿದ್ದ ನಾಡು. ಕೃತಘ್ನತೆಯಿಂದಾಗಿ ಅಣೆಕಟ್ಟಿನ ಪ್ರವಾಹಕ್ಕೆ ಸಿಕ್ಕಿ ಕಹಿ ಹಣ್ಣಿನ ಗಿಡಗಂಟಿಗಳ ಬೀಡಾಯಿತು. ಯಮನ್‌ನ ಮಾರಿಬ್ ಅಣೆಕಟ್ಟಿನ ಅವಶೇಷಗಳು ಇಂದಿಗೂ ಇವೆ. ಆ ಅಣೆಕಟ್ಟು ಒಡೆದದ್ದು ಒಂದೇ ಸಲ ಅಲ್ಲ. ಅನೇಕ ಬಾರಿ ಒಡೆದಿತ್ತು, ಪ್ರತಿ ಬಾರಿಯೂ ಜನರು ಸೇರಿ ಕಟ್ಟಿದ್ದರು. ಕ್ರಿ.ಶ. 548ರಲ್ಲಿ ಅಬ್ರಹ ಮಾಡಿಸಿದ ದುರಸ್ತಿಯ ಶಾಸನ ದೊರೆತಿದೆ. ಕೊನೆಯ ಸಲ ಒಡೆದಾಗ ಮಾತ್ರ ಕಟ್ಟುವವರು ಬರಲಿಲ್ಲ. ಇದನ್ನು ಗಮನಿಸಬೇಕು. ಬಿರುಕು ಎಲ್ಲ ಕಟ್ಟಡಗಳಲ್ಲೂ ಬರುತ್ತದೆ. ಬಿರುಕನ್ನು ಮುಚ್ಚಲು ಕೈಗಳು ಕೂಡದಿದ್ದಾಗ ಅದು ಕುಸಿತವಾಗುತ್ತದೆ.

ನನ್ನದೇ ಓಣಿಯ ಒಂದು ಕುಸಿತ

ಇಷ್ಟು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯಲ್ಲಿ ಹಿರಿಯ ದರ್ಜಿಯೊಬ್ಬರು ಒಂದು ಭಿಶಿ ನಡೆಸುತ್ತಿದ್ದರು. ಇಪ್ಪತ್ತು ಮನೆಗಳು, ತಿಂಗಳಿಗೊಂದು ಕಂತು, ಪ್ರತಿ ತಿಂಗಳೂ ಒಬ್ಬರಿಗೆ ಇಡೀ ಮೊತ್ತ. ಬಡ್ಡಿಯಿಲ್ಲ, ಬರಹವಿಲ್ಲ, ನಂಬಿಕೆಯೊಂದೇ ಅದರ ತೊಲೆ. ಎಷ್ಟೋ ಮದುವೆಗಳು, ಆಸ್ಪತ್ರೆಯ ಬಿಲ್ಲುಗಳು ಅದರಿಂದ ನೆರವೇರಿದ್ದವು. ಮೂರನೆಯ ತಿಂಗಳಲ್ಲೇ ನನ್ನ ಸರದಿ ಬಂದು ನಾನು ಹಣ ಪಡೆದಿದ್ದೆ.

ಒಂದು ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಹರಿದಾಡಿತು. ಚಾಚಾ ಮನೆ ಮಾರುತ್ತಿದ್ದಾರೆ, ಪುಣೆಗೆ ಹೋಗಿಬಿಡುತ್ತಾರೆ, ಅಳತೆ ಮಾಡುವವರು ಬಂದಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದು. ಅಳತೆಯವರು ಬಂದಿದ್ದು ನಿಜ. ಮನೆಯನ್ನು ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿಕೊಡಲು ಅವರೇ ಕರೆಸಿದ್ದರು. ಮುದ್ರೆ ನಿಜ, ಪತ್ರ ಸುಳ್ಳು! ಆ ತಿಂಗಳು ಹಣ ಈಗಾಗಲೇ ಪಡೆದಿದ್ದವರು ಕಂತು ಕೊಡುವುದನ್ನು ನಿಲ್ಲಿಸಿದರು. ಯಾರೂ ಜಗಳವಾಡಲಿಲ್ಲ, ‘ನೋಡೋಣ’ ಎಂದರು ಅಷ್ಟೆ. ಹಾಗೆ ಅಂದವರಲ್ಲಿ ನಾನೂ ಒಬ್ಬ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಡೆದರೆ ಅರಿವಿಲ್ಲದೆ ಒಬ್ಬರಿಗೆ ಹಾನಿ ಮಾಡಿ ಮತ್ತೆ ಪಶ್ಚಾತ್ತಾಪ ಪಡಬೇಕಾದೀತೆಂದು ಎಚ್ಚರಿಸುವ ಹುಜುರಾತ್ ಅಧ್ಯಾಯವನ್ನು ಮಕ್ಕಳಿಗೆ ಕಲಿಸುವವನು ನಾನು.

ಸರದಿ ಬಾರದೆ ಉಳಿದಿದ್ದ ನಾಲ್ಕು ಮನೆಯವರಿಗೆ ಚಾಚಾ ತಮ್ಮ ಎರಡು ಹೊಲಿಗೆ ಯಂತ್ರಗಳನ್ನು ಮಾರಿ ಹಣ ಕೊಟ್ಟರು. ನಿಜ ತಿಳಿದ ಮೇಲೆ ನಾನು ಬಾಕಿ ಕಂತುಗಳನ್ನು ತೆಗೆದುಕೊಂಡು ಅವರ ಮನೆಗೆ ಹೋದೆ. ಅವರು ಹಣ ಎಣಿಸಲಿಲ್ಲ. “ಮೌಲಾನಾ, ನೀವರ ಒಮ್ಮೆ ಬಂದು ನನ್ನ ಕೇಳಬೇಕಿತ್ತು” ಎಂದರು. ಆ ಓಣಿಯಲ್ಲಿ ಮತ್ತೆ ಯಾರೂ ಭಿಶಿ ನಡೆಸಿಲ್ಲ. ಈಗ ಕಷ್ಟ ಬಂದವರು ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ.

ಸುಲ್ತಾನನೂ ಒಮ್ಮೆ ಕೇಳಬೇಕಿತ್ತು. ಅವನ ಅಮಲು ಮದ್ಯದ್ದು, ನಮ್ಮದು ಯಾವುದರದು?

ಮತ್ತೆ ಕಟ್ಟುವುದು

ಕುಸಿತದ ಮಾತನ್ನು ನಿರಾಶೆಯಲ್ಲಿ ಮುಗಿಸಬಾರದು. ನಮ್ಮ ಅನಗೋಳಕ್ಕೆ ಹೊಂದಿಕೊಂಡಿರುವ ಟಿಳಕವಾಡಿಯಲ್ಲಿ 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅದರ ಹಿಂದಿನ ಅಧಿವೇಶನಕ್ಕೆ ಕಾಕಿನಾಡದಲ್ಲಿ ಅಧ್ಯಕ್ಷರಾಗಿದ್ದವರು ಮೌಲಾನಾ ಮುಹಮ್ಮದ್ ಅಲಿ. ಅದೇ ವರ್ಷದ ಮಾರ್ಚ್‌ನಲ್ಲಿ ತುರ್ಕಿಯಲ್ಲಿ ಖಿಲಾಫತ್ ರದ್ದಾಗಿತ್ತು, ಅನೇಕರ ಪಾಲಿಗೆ ಲೋಕವೇ ಕುಸಿದಂತಾಗಿತ್ತು. ಅಂಥ ವರ್ಷದಲ್ಲಿ ಅಧಿವೇಶನದ ನಗರಕ್ಕೆ ಕನ್ನಡಿಗರು ಇಟ್ಟ ಹೆಸರು ‘ವಿಜಯನಗರ’. 1565ರಲ್ಲಿ ಪಾಳುಬಿದ್ದ ನಗರದ ಹೆಸರು! ಬಂದವರಿಗೆ ನೀರುಣಿಸಲು ಅಲ್ಲಿ ಒಂದು ಬಾವಿ ತೋಡಿದರು. ಡೇರೆಗಳು ಎದ್ದುಹೋದವು, ಆ ಬಾವಿ ಇಂದಿಗೂ ಇದೆ.

ಪ್ರವಾದಿ ಮುಹಮ್ಮದ್(ಸ)ರು ಸತ್ಯವಿಶ್ವಾಸಿಗಳನ್ನು ಒಂದು ಭಾಗ ಇನ್ನೊಂದನ್ನು ಬಲಪಡಿಸುವ ಕಟ್ಟಡಕ್ಕೆ ಹೋಲಿಸಿ, ತಮ್ಮ ಬೆರಳುಗಳನ್ನು ಒಂದರೊಳಗೊಂದು ಹೆಣೆದು ತೋರಿಸಿದರು. ಆದುದರಿಂದ ಬಂಧುಗಳೇ, ಈ ಮಳೆಗಾಲದಲ್ಲಿ ಮನೆಯ ಗೋಡೆಯ ಬುಡವನ್ನು ಒಮ್ಮೆ ತಟ್ಟಿ ನೋಡುವಂತೆ, ನಮ್ಮ ಮನೆ, ಓಣಿ, ಜಮಾಅತ್‌ಗಳ ಬುಡವನ್ನೂ ತಟ್ಟಿ ನೋಡೋಣ. ಅಣ್ಣತಮ್ಮಂದಿರ ನಡುವೆ ನಿಂತುಹೋದ ಮಾತು ಎಲ್ಲಿದೆ? ದೂರದಿಂದಲೇ ಸಲಾಮು ಹೇಳಿ ಹೋಗುವ ನೆರೆಯವನು ಯಾರು? ಕೇಳಿದ್ದನ್ನೆಲ್ಲ ಮುಂದಕ್ಕೆ ಕಳುಹಿಸುವ ಮೊದಲು ಹತ್ತು ಹೆಜ್ಜೆ ನಡೆದು ಹೋಗಿ ಆ ಮನುಷ್ಯನನ್ನೇ ಕೇಳಿದ್ದೇವೆಯೇ?

ಅಲ್ಲಾಹನು ನಮ್ಮ ಮನೆಗಳ ಗೋಡೆಗಳನ್ನೂ ಮನಸ್ಸುಗಳ ಬಂಧವನ್ನೂ ಕಾಪಾಡಲಿ, ಬಿರುಕು ಕಂಡಾಗ ಮುಚ್ಚುವ ಕೈಗಳಲ್ಲಿ ನಮ್ಮ ಕೈಯನ್ನೂ ಸೇರಿಸಲಿ. ಆಮೀನ್.